ರೈತರ ಸಂತ ಸ್ಯಾನ್ ಇಸಿದ್ರೊ: ಮರದಲ್ಲಿ ಕೆತ್ತುವ ಬಗೆ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಸ್ಪ್ಯಾನಿಷ್ ಭಾಷಿಕ ಕ್ಯಾಥೊಲಿಕ್ ಹಳ್ಳಿಗಳಲ್ಲಿ ಸಂತರ ಮರದ ಪ್ರತಿಮೆಗೆ ‘ಬುಲ್ತೊ’ ಎಂದೂ, ಅದನ್ನು ಮಾಡುವವರಿಗೆ ‘ಸಾಂತೆರೊ’ ಎಂದೂ ಹೆಸರು. 1880ರ ಹೊತ್ತಿಗೆ ರೈಲು ಬಂದು ಕಾರ್ಖಾನೆಯ ಪ್ಲಾಸ್ಟರ್ ಪ್ರತಿಮೆಗಳು ಸುಲಭವಾಗಿ ಸಿಗತೊಡಗಿದ ಮೇಲೆ ಸೊರಗಿದ ಈ ಕಸುಬು 20ನೆಯ ಶತಮಾನದಲ್ಲಿ ಮತ್ತೆ ಚಿಗುರಿತು. ಹೊಸಬರು ಸ್ಯಾನ್ ಇಸಿದ್ರೊನಿಂದ ಆರಂಭಿಸುವುದು ಒಳ್ಳೆಯದು. ಆತನದು ಸಾಮಾನ್ಯ ರೈತನ ಉಡುಪಾದ್ದರಿಂದ ನಿಲುವಂಗಿಯ ಸಂಕೀರ್ಣ ಮಡಿಕೆಗಳ ಕಾಟವಿಲ್ಲ.

ಮೊದಲು ಮರದ ಆಯ್ಕೆ. ಸಾಂತೆರೊಗಳು ಕಾಟನ್‌ವುಡ್ ಮರದ ಒಣಗಿದ ಬೇರನ್ನು ಮೆಚ್ಚುತ್ತಾರೆ. ಅದು ಹಗುರ, ಮೆದು, ಸುಲಭವಾಗಿ ಸೀಳುವುದಿಲ್ಲ. ನಮ್ಮಲ್ಲಿ ಪ್ರಯತ್ನಿಸುವವರಿಗೆ ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರ ಸಾಕು.

ತಲೆ ಮತ್ತು ಮುಂಡವನ್ನು ಒಂದೇ ತುಂಡಿನಲ್ಲಿ ಕೆತ್ತಿ, ಕೈಗಳನ್ನು ಬೇರೆಯಾಗಿ ಮಾಡಿ ಮರದ ಗೂಟಗಳಿಂದ ಜೋಡಿಸಬೇಕು. ಸಂತ ಪ್ರಾರ್ಥನೆಯಲ್ಲಿ ತೊಡಗಿದ್ದಾಗ ದೇವದೂತನೊಬ್ಬ ಆತನ ಹೊಲ ಉತ್ತನೆಂಬ ಐತಿಹ್ಯವಿರುವುದರಿಂದ, ಪಕ್ಕದಲ್ಲಿ ನೇಗಿಲು ಹಿಡಿದ ದೇವದೂತನೂ ಜೋಡಿ ಎತ್ತುಗಳೂ ಇರಲೇಬೇಕು. ಎತ್ತುಗಳು ಸಂತನ ಮೊಣಕಾಲಿನಷ್ಟು ಎತ್ತರವಿದ್ದರೂ ತಪ್ಪಲ್ಲ. ಇಲ್ಲಿ ಗಾತ್ರವನ್ನು ನಿರ್ಧರಿಸುವುದು ಮಹತ್ವವೇ ಹೊರತು ದೇಹದ ಅಳತೆಯಲ್ಲ.

ಪ್ರತಿಮೆಯ ಹಣೆಬರಹ ನಿರ್ಧಾರವಾಗುವುದು ಮುಂದಿನ ಹಂತದಲ್ಲಿ, ಅಂದರೆ ಬಣ್ಣದ ಕೆಳಗಿನ ಬಿಳಿ ಲೇಪದಲ್ಲಿ. ಉಳಿಯ ಕೆಲಸಕ್ಕಿಂತ ಇದಕ್ಕೇ ಹೆಚ್ಚು ತಾಳ್ಮೆ ಬೇಕು. ಪ್ರಾಣಿಗಳ ತೊಗಲಿನಿಂದ ತಯಾರಿಸಿದ ಮರವಜ್ರವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಕುದಿಸಿದರೆ ಅಂಟಿನ ಬಲ ಕುಂದುತ್ತದೆ. ಅದಕ್ಕೆ ನುಣ್ಣನೆಯ ಜಿಪ್ಸಮ್ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಉದುರಿಸುತ್ತ, ನೀರುದೋಸೆ ಹಿಟ್ಟಿನ ಹದಕ್ಕೆ ತರಬೇಕು. ಅಂಗಡಿಯ ಪ್ಲಾಸ್ಟರ್ ಆಫ್ ಪ್ಯಾರಿಸ್ ಪಾತ್ರೆಯಲ್ಲೇ ಗಟ್ಟಿಯಾಗುವುದರಿಂದ ಅದು ಬೇಡ. ತೋಳಿನ ಕೀಲುಗಳ ಮೇಲೆ ಇದೇ ಲೇಪದಲ್ಲಿ ಅದ್ದಿದ ತೆಳುಬಟ್ಟೆಯನ್ನು ಅಂಟಿಸಿ, ಇಡೀ ಪ್ರತಿಮೆಗೆ ತೆಳುವಾದ ಹಲವು ಲೇಪ ಕೊಟ್ಟು, ಪ್ರತಿಯೊಂದೂ ಪೂರ್ತಿ ಒಣಗಿದ ಬಳಿಕವೇ ಮುಂದಿನದಕ್ಕೆ ಕೈಹಾಕಬೇಕು. ಅವಸರದಲ್ಲಿ ದಪ್ಪಗೆ ಬಳಿದ ಲೇಪ ಬಿರುಕು ಬಿಡುತ್ತದೆ. ಕೊನೆಗೆ ಸ್ಯಾಂಡ್‌ಪೇಪರ್‌ನಿಂದ ಹಗುರವಾಗಿ ಉಜ್ಜಬೇಕು.

ಬಣ್ಣಕ್ಕೆ ಕೆಮ್ಮಣ್ಣು, ನೀಲಿ ಮತ್ತು ಇದ್ದಿಲಿನ ಕಪ್ಪು ಸಾಕು. ನೀರಿನಲ್ಲಿ ಕಲಸಿದ ಈ ಬಣ್ಣಗಳನ್ನು ಬಿಳಿ ಲೇಪ ಬೇಗನೆ ಹೀರಿಕೊಳ್ಳುವುದರಿಂದ, ಹುಬ್ಬು, ಕಣ್ಣು, ಗಡ್ಡಗಳ ಗೆರೆಗಳನ್ನು ಒಂದೇ ಎಳೆತದಲ್ಲಿ ಬರೆಯಬೇಕು. ಅರಗುಬಣ್ಣದ ಹೊಳಪಿಗೆ ಒಗ್ಗಿದ ಕಣ್ಣಿಗೆ ಇವು ಮೊದಲು ಮಂಕಾಗಿ ಕಾಣಬಹುದು.

ಮೆರುಗಿಗೆ ಅಲ್ಲಿನವರು ಪಿನ್ಯೋನ್ ಪೈನ್ ಮರದ ರಾಳವನ್ನು ಮದ್ಯಸಾರದಲ್ಲಿ ಕರಗಿಸಿ, ಸೋಸಿ, ಬಳಿಯುತ್ತಾರೆ. ಮದ್ಯಸಾರ ಥಟ್ಟನೆ ಹೊತ್ತಿಕೊಳ್ಳುವ ಕಾರಣ ಈ ಕೆಲಸ ಒಲೆಯಿಂದ ದೂರದಲ್ಲಿ, ಗಾಳಿಯಾಡುವ ಕಡೆ ನಡೆಯಬೇಕು. ಬಾರುಕೋಲು, ನೇಗಿಲುಗಳನ್ನು ಮೆರುಗು ಒಣಗಿದ ಮೇಲೆ ಸಿಕ್ಕಿಸಬೇಕು. ಮೇ 15ರ ಹಬ್ಬದಲ್ಲಿ ಇಂತಹ ಪ್ರತಿಮೆಯನ್ನು ಹೊಲಗಳಿಗೆ ಮೆರವಣಿಗೆಯಲ್ಲಿ ಒಯ್ಯುವ ವಾಡಿಕೆಯಿರುವುದರಿಂದ, ಪೀಠಕ್ಕೆ ಮಾತ್ರ ಎಲ್ಲವನ್ನೂ ಗೂಟ ಹೊಡೆದು ಭದ್ರಪಡಿಸಬೇಕು.