ಮಾತು ಕೊನೆಗೆ: ಕೋರ್ಸಿನಲ್ಲಿ ನಾಟಕ ಬರೆದ ನನ್ನ ಅನುಭವ

ಕೊನೆಯ ಸೆಮಿಸ್ಟರ್‌ನಲ್ಲಿ ನನ್ನ ನಾಟಕ ರಂಗಕ್ಕೆ ಹೋಯಿತು. ಎರಡೇ ಪಾತ್ರ, ಸುಮಾರು ನಲವತ್ತು ನಿಮಿಷ. ಮಧ್ಯದಲ್ಲಿ ಯಾರೂ ಎದ್ದು ಹೋಗಲಿಲ್ಲ. ಮೊಬೈಲ್ ತೆಗೆದವರೂ ಕಡಿಮೆ. ವರ್ಷವಿಡೀ "ಇದು ನಾಟಕ ಅಲ್ಲ, ಮೂಕಾಭಿನಯ" ಅಂತ ಕಾಲೆಳೆದವರೇ ಆಮೇಲೆ ಬಂದು "ಹೇಗೆ ಬರೆದೆ?" ಅಂತ ಕೇಳಿದರು. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು. ಇಲ್ಲೇ ಬರೆದು ಹಾಕುತ್ತಿದ್ದೇನೆ.

ನಾನು ಮಾತನ್ನು ಕೊನೆಗೆ ಬರೆಯುತ್ತೇನೆ, ಅಷ್ಟೇ. ಮೊದಲ ಕರಡಿನಲ್ಲಿ ಯಾರ ಕೈ ಏನು ಮಾಡುತ್ತಿದೆ, ಯಾರು ಎಲ್ಲಿ ನಿಂತಿದ್ದಾರೆ ಅನ್ನೋದು ಮಾತ್ರ ಇರುತ್ತದೆ. ಇಬ್ಬರು ಗೆಳೆಯರನ್ನು ಹಿಡಿದು ತಂದು ಅದನ್ನು ಬಾಯಿ ಬಿಡದೆ ಮಾಡಿಸುತ್ತೇನೆ. ಮಾತಾಡದೆ ಮುಂದಕ್ಕೆ ಹೋಗೋಕೇ ಆಗಲ್ಲ ಅಂತ ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತೇನೆ. ಮಾತು ಬರುವುದು ಆ ಗುರುತಿನ ಜಾಗದಲ್ಲಿ ಮಾತ್ರ.

ಇದಕ್ಕೆ ಮುಂಚೆ ಎಲ್ಲರೂ ಮಾಡುವುದನ್ನೆಲ್ಲ ಮಾಡಿದ್ದೆ. ಮೂರು ಅಂಕದ ನಕ್ಷೆ ಬರೆದು ಗೋಡೆಗೆ ಅಂಟಿಸಿದೆ. ಪಾತ್ರಗಳ ಜಾತಕ ಬರೆದೆ: ಬಾಲ್ಯ, ಭಯ, ಇಷ್ಟದ ಬಣ್ಣ, ಹೀಗೆ ಹತ್ತಾರು ಪುಟ. ಅದರಲ್ಲಿ ಒಂದು ಸಾಲೂ ನಾಟಕಕ್ಕೆ ಬರಲಿಲ್ಲ. ಎಲ್ಲಕ್ಕಿಂತ ಜಾಸ್ತಿ ದಾರಿ ತಪ್ಪಿಸಿದ್ದು ಮೇಜಿನ ಸುತ್ತ ಕೂತು ಓದುವ ವರ್ಕ್‌ಶಾಪ್. ಕೂತು ಓದಿದರೆ ಚುರುಕು ಮಾತಿನ ನಾಟಕವೇ ಗೆಲ್ಲುತ್ತದೆ, ಅಲ್ವಾ? ನನ್ನ ಎರಡನೇ ನಾಟಕಕ್ಕೆ ತರಗತಿಯಲ್ಲಿ ಚಪ್ಪಾಳೆ ಬಿದ್ದಿತ್ತು. ಅದನ್ನೇ ನಟರ ಕೈಗೆ ಕೊಟ್ಟರೆ ಇಬ್ಬರೂ ಕೈ ಇಳಿಬಿಟ್ಟುಕೊಂಡು ಎದುರುಬದುರು ನಿಂತರು. ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯುತ್ತಿದ್ದರು. ಹತ್ತು ನಿಮಿಷಕ್ಕೆ ನನಗೇ ಆಕಳಿಕೆ ಬಂತು.

ಇದು ಹೊಸ ಸಮಸ್ಯೆ ಏನಲ್ಲ. ಹಾರ್ವರ್ಡ್‌ನಲ್ಲಿ ನಾಟಕ ರಚನೆ ಕಲಿಸುತ್ತಿದ್ದ ಜಾರ್ಜ್ ಪಿಯರ್ಸ್ ಬೇಕರ್, ವಿದ್ಯಾರ್ಥಿಗಳು ಬರೆದದ್ದನ್ನು ಆಡಿಸಿ ನೋಡಲೆಂದೇ '47 ವರ್ಕ್‌ಶಾಪ್' ಕಟ್ಟಿದ್ದರು. ಮುಂದೆ ಅಮೆರಿಕದ ದೊಡ್ಡ ನಾಟಕಕಾರ ಅನಿಸಿಕೊಂಡ ಯೂಜೀನ್ ಓನೀಲ್ 1914ರಲ್ಲಿ ಸೇರಿದ್ದು ಇದೇ ಬೇಕರ್ ತರಗತಿಗೆ. ವರ್ಕ್‌ಶಾಪ್‌ನ ನಾಟಕ ನೋಡಲು ಬಂದವರು ಸುಮ್ನೆ ಎದ್ದು ಹೋಗುವಂತಿರಲಿಲ್ಲ, ಅನಿಸಿದ್ದನ್ನು ಬರೆದು ಕೊಡಬೇಕಿತ್ತು. ಆ ಚೀಟಿಯ ಉಪಾಯವನ್ನು ನಾನೂ ಎತ್ತಿಕೊಂಡೆ. ಆದರೆ "ಹೇಗಿತ್ತು?" ಅಂತ ಕೇಳಲಿಲ್ಲ. ಅದಕ್ಕೆ "ಚೆನ್ನಾಗಿತ್ತು" ಅನ್ನೋದು ಬಿಟ್ಟು ಬೇರೆ ಉತ್ತರ ಬರಲ್ಲ. ನಾನು ಕೇಳಿದ್ದು ಬೇರೆ ಒಂದೇ ಪ್ರಶ್ನೆ. ಅದು ಯಾವುದು ಅಂತ ಇಲ್ಲಿ ಹೇಳಲ್ಲ, ಮುಂದಿನ ನಾಟಕಕ್ಕೂ ಬೇಕು.

ಈ ವಿಧಾನ ಕೈಗೆ ಹತ್ತಿದ ದೃಶ್ಯ ಇದು. ತಮ್ಮ ವರ್ಷಗಳ ಮೇಲೆ ಮನೆಗೆ ಬಂದಿದ್ದಾನೆ, ಮನೆ ಮಾರಬೇಕು, ಅಕ್ಕನ ಸಹಿ ಬೇಕು. ಹಳೆಯ ಕರಡಿನಲ್ಲಿ ಅವನು ಸುಮಾರು ಒಂದು ಪುಟ ಮಾತಾಡುತ್ತಿದ್ದ: ಸಾಲ, ಅಪ್ಪ, ಅನ್ಯಾಯ, ಎಲ್ಲ. ಹೊಸದರಲ್ಲಿ ಅಕ್ಕ ಒಣಗಿದ ಬಟ್ಟೆ ಮಡಚುತ್ತಿದ್ದಾಳೆ. ದೊಡ್ಡ ಬೆಡ್‌ಶೀಟ್ ಬಂದಾಗ ತಮ್ಮ ಎದ್ದು ಇನ್ನೊಂದು ತುದಿ ಹಿಡಿಯುತ್ತಾನೆ. ಬೆಡ್‌ಶೀಟ್ ಮಡಚಬೇಕೆಂದರೆ ಇಬ್ಬರೂ ಹತ್ತಿರ ಬರಲೇಬೇಕು. ಒಂದು ಮಡಿಕೆ, ಇನ್ನೂ ಒಂದು ಮಡಿಕೆ, ಬೆರಳಿಗೆ ಬೆರಳು ತಾಗುವಷ್ಟು ಹತ್ತಿರ. ನನ್ನ ಗೆಳೆಯರು ಅಲ್ಲಿ ತಡವರಿಸಿದರು. ಬಾಯಿ ಬಿಡದೆ ಅಷ್ಟು ಹತ್ತಿರ ನಿಲ್ಲೋಕೆ ಆಗಲ್ಲ. ಗುರುತು ಬಿತ್ತು. ಈಗ ಅಲ್ಲಿರುವುದು ಇಷ್ಟು:

"ಎಷ್ಟು ದಿನ ಇರ್ತೀಯ?"

"ಬೆಳಗ್ಗೆ ಐದಕ್ಕೆ ಬಸ್ಸು, ಅಕ್ಕ."

ಅವಳು ತುದಿ ಬಿಡುತ್ತಾಳೆ. ಬೆಡ್‌ಶೀಟ್ ನೆಲಕ್ಕೆ. ಸಹಿಯ ವಿಷಯ ಯಾರೂ ಎತ್ತಿಲ್ಲ. ಆದರೂ ಅದು ಸಿಗಲ್ಲ ಅಂತ ಹಿಂದಿನ ಸಾಲಿನವರಿಗೂ ಗೊತ್ತಾಗಿತ್ತು.

ದುಡ್ಡಿನ ವಿಷಯಕ್ಕೆ ಬರೋಣ. ನಾಟಕ ಬರೆಯೋಕೆ ಪೆನ್ನು ಸಾಕು ಅನ್ನುವವರು ಜೆರಾಕ್ಸ್ ಬಿಲ್ ನೋಡಿಲ್ಲ. ಪ್ರತಿ ತಿದ್ದುಪಡಿಗೂ ಎಲ್ಲರಿಗೂ ಹೊಸ ಪ್ರತಿ. ಮೊದಲ ವರ್ಷ ನನ್ನ ವಿದ್ಯಾರ್ಥಿವೇತನದ ಕಾಲು ಭಾಗ ಕಾಗದಕ್ಕೇ ಹೋಗಿರಬೇಕು. ತಾಲೀಮಿಗೆ ಹಾಲ್ ಬಾಡಿಗೆ ಹಿಡಿದರೆ ಇನ್ನೂ ಜಾಸ್ತಿ. ನಾವು ಖಾಲಿ ಕ್ಲಾಸ್‌ರೂಮಿನಲ್ಲಿ, ಬೆಂಚು ಗೋಡೆಗೆ ಸರಿಸಿ, ವಾಚ್‌ಮನ್ ಬೀಗ ಅಲ್ಲಾಡಿಸುವವರೆಗೆ ಮಾಡುತ್ತಿದ್ದೆವು. ಮಾತಿಲ್ಲದ ಕರಡು ಒಂದು ಹಾಳೆಯಲ್ಲಿ ಮುಗಿಯುತ್ತದೆ. ಅದನ್ನು ತಿದ್ದೋಕೆ ಖರ್ಚೇ ಇಲ್ಲ. ಪೂರ್ತಿ ಸ್ಕ್ರಿಪ್ಟ್ ಪ್ರಿಂಟ್ ಹಾಕಿಸಿದ್ದು ಕೊನೆಗೆ ಎರಡೋ ಮೂರೋ ಸಲ.

ಕಾಗದ ಉಳಿಸಲು ಹೋಗಿ ಇನ್ನೊಂದು ಪ್ರಯೋಗ ಮಾಡಿದೆ. ಶೇಕ್ಸ್‌ಪಿಯರ್ ಕಾಲದಲ್ಲಿ ನಟರಿಗೆ ಇಡೀ ನಾಟಕ ಕೊಡುತ್ತಿರಲಿಲ್ಲ. ತಮ್ಮ ಮಾತು, ಅದಕ್ಕೆ ಮುಂಚೆ ಎದುರಿನವರು ಆಡುವ ಕೊನೆಯ ಕೆಲವು ಪದ, ಅಷ್ಟೇ ಕೈಗೆ ಸಿಗುತ್ತಿತ್ತು. ನಾನೂ ಹಾಗೇ ಹಂಚಿದೆ. ಎದುರಿನವರು ಎಷ್ಟು ಹೊತ್ತು ಮಾತಾಡುತ್ತಾರೆ ಅಂತ ಗೊತ್ತಿಲ್ಲದ ಕಾರಣ ಇಬ್ಬರೂ ನಿಜವಾಗಿ ಕಿವಿಗೊಟ್ಟು ಕೇಳತೊಡಗಿದರು. ಐದು ಪಾತ್ರದ ದೃಶ್ಯಕ್ಕೆ ಹಚ್ಚಿದರೆ ಮಾತ್ರ ಸಂತೆಯಾಯಿತು. ಒಂದೇ ಸೂಚನೆಗೆ ಇಬ್ಬರು ಬಾಯಿ ತೆರೆದರು, ಆಮೇಲೆ ಎಲ್ಲರೂ ಸುಮ್ಮನಾದರು. ಅದನ್ನು ಅಲ್ಲಿಗೇ ಬಿಟ್ಟೆ.

ಮಾತು ಹಾಕಿದ ಮೇಲೆ ಪಾತ್ರದ ಹೆಸರು ಮುಚ್ಚಿ ಓದುವ ಪರೀಕ್ಷೆ ಒಂದಿದೆ: ಮಾತಿನಿಂದಲೇ ಅದು ಯಾರದು ಅಂತ ಗೊತ್ತಾಗಬೇಕು. ನಾನು ಅದಕ್ಕೆ ಒಂದು ಸೇರಿಸಿದ್ದೇನೆ: ಪ್ರತಿ ಪಾತ್ರದ ಮೊದಲ ಮಾತನ್ನು ಹೊಡೆದು ಹಾಕಿ ಎರಡನೆಯದರಿಂದ ಶುರು ಮಾಡುವುದು. ಹತ್ತರಲ್ಲಿ ಏಳೆಂಟು ಸಲ ದೃಶ್ಯ ಚುರುಕಾಗುತ್ತದೆ. ಮೊದಲ ಮಾತು ಸಾಮಾನ್ಯವಾಗಿ ನಾಟಕಕಾರ ಗಂಟಲು ಸರಿಮಾಡಿಕೊಳ್ಳುವುದು.

ಕೈಗೆ ಯಾವ ಕೆಲಸ ಕೊಡಬೇಕು ಅಂತ ಆರಿಸುವ ಬಗೆ ಇಲ್ಲಿ ಪೂರ್ತಿ ಬರೆದಿಲ್ಲ. ಇಷ್ಟು ಹೇಳಬಲ್ಲೆ: ಒಬ್ಬರಿಂದಲೇ ಮುಗಿಯುವ ಕೆಲಸ ಬೇಡ, ಮಧ್ಯದಲ್ಲಿ ಬಿಟ್ಟರೆ ಕಣ್ಣಿಗೆ ಕಾಣುವಂಥದ್ದಿರಲಿ. ಈಗ ಇದನ್ನೇ ಐದು ಪಾತ್ರಕ್ಕೆ ಹೊಂದಿಸಲು ನೋಡುತ್ತಿದ್ದೇನೆ. ಇಬ್ಬರು ಮಾತಾಡುವಾಗ ಉಳಿದ ಮೂವರನ್ನು ಏನು ಮಾಡುವುದು ಅನ್ನೋದು ಇನ್ನೂ ಬಗೆಹರಿದಿಲ್ಲ. ಸದ್ಯಕ್ಕೆ ಒಬ್ಬನನ್ನು ನಿದ್ದೆ ಮಾಡಿಸಿದ್ದೇನೆ.