ಕ್ಯಾರವಾನ್ ನೆಲ ಕಾಲಿಟ್ಟಲ್ಲಿ ತಗ್ಗುತ್ತಿದ್ದರೆ

ಹಗುರ ಟ್ರೈಲರ್‌ನ ನೆಲ ಸಾಮಾನ್ಯವಾಗಿ ಒಂದೇ ಹಲಗೆಯಾಗಿರುವುದಿಲ್ಲ. ಮೇಲೆ, ಕೆಳಗೆ ತೆಳು ಪ್ಲೈವುಡ್, ನಡುವೆ ಥರ್ಮಾಕೋಲ್. ಮೂರನ್ನೂ ಹಿಡಿದಿರುವುದು ಗಮ್. ನೆಲ ಮೆತ್ತಗಾದ ಕೂಡಲೇ ಮೇಲೊಂದು ಪ್ಲೈ ಹೊಡೆದು ಮುಚ್ಚುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ನೀರು ಇಳಿದಿದ್ದರೆ ಒಳಗೆ ಕೊಳೆಯುತ್ತಲೇ ಇರುತ್ತದೆ. ಜೊತೆಗೆ 12 ಎಂಎಂ ದಪ್ಪದ 8×4 ಅಡಿ ಪ್ಲೈ ಹಾಳೆ ಒಂದರಿಂದಲೇ ಸುಮಾರು 25 ಕೆಜಿ ತೂಕ ಏರುತ್ತದೆ.

ನೆಲದ ಮೇಲೆ ಹಾಸಿರುವ ವಿನೈಲ್ ಪ್ಲಾಸ್ಟಿಕ್ ಹಾಳೆ ಎತ್ತಿ ದಬ್ಬಳದಿಂದ ಚುಚ್ಚಿ ನೋಡಿ. ತುದಿ ಸಲೀಸಾಗಿ ಇಳಿದು, ಪ್ಲೈ ಕಪ್ಪಗಿದ್ದು ಮುಗ್ಗಲು ವಾಸನೆ ಬಂದರೆ ನೀರಿನ ಕೆಲಸ. ಪ್ಲೈ ಗಟ್ಟಿಯಿದ್ದು, ಗೆಣ್ಣಿನಿಂದ ಬಡಿದಾಗ ಟೊಳ್ಳು ಸದ್ದು ಬಂದರೆ ಗಮ್ ಬಿಟ್ಟಿದೆ. ತುಮಕೂರು ಹೆದ್ದಾರಿ ಬದಿಯ ತಿಂಡಿ ಟ್ರೈಲರ್ ಆಗಲಿ, ಪ್ರವಾಸದ ಕ್ಯಾರವಾನ್ ಆಗಲಿ, ಬಾಗಿಲೆದುರು ಮತ್ತು ಸಿಂಕ್ ಮುಂದೆ, ಅಂದರೆ ಕಾಲು ನಿಂತು ತಿರುಗುವ ಕಡೆಯೇ ಗಮ್ ಬಿಡಲು ಶುರುವಾಗುವುದು.

ನೀರಿನದ್ದಾದರೆ ಮೊದಲು ಸೋರಿಕೆ ಹಿಡಿಯಬೇಕು. ಒಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ನೋಡಲಿ. ಚಕ್ರದ ಮೇಲಿನ ಕಮಾನು, ಅಂದರೆ ವೀಲ್ ಆರ್ಚ್‌ನಿಂದ ಶುರುಮಾಡಿ ಕಿಟಕಿ ಮೂಲೆ, ಆಮೇಲೆ ಚಾವಣಿ ಅಂಚು, ಒಂದೊಂದು ಕಡೆ ಹತ್ತು ನಿಮಿಷ. ಮೇಲಿನಿಂದ ಶುರುಮಾಡಿದರೆ ಇಳಿದ ನೀರು ಎಲ್ಲವನ್ನೂ ತೋಯಿಸಿ ಜಾಗವೇ ಗೊತ್ತಾಗುವುದಿಲ್ಲ. ಸಿಂಕ್ ಪೈಪಿನ ಜಾಯಿಂಟ್‌ಗಳನ್ನೂ ಒಣ ಟಿಶ್ಯೂ ಒತ್ತಿ ನೋಡಿ.

ಗಮ್ ಮಾತ್ರ ಬಿಟ್ಟಿದ್ದರೆ ಎರಡು ಭಾಗ ಕಲಸಿ ಗಟ್ಟಿಯಾಗಿಸುವ ಅಂಟು, ಎಪಾಕ್ಸಿ ತುಂಬಿಸಿದರೆ ಸಾಕು. ನೆಲದಡಿ ವೈರು, ಗ್ಯಾಸ್ ಪೈಪು ಎಲ್ಲಿ ಹೋಗಿದೆ ಎಂದು ನೋಡಿಕೊಂಡು, ಟೊಳ್ಳು ಜಾಗದಲ್ಲಿ ನಾಲ್ಕು ಇಂಚಿಗೊಂದರಂತೆ 5 ಎಂಎಂ ತೂತು ಕೊರೆಯಿರಿ. ತೂತು ಮೇಲಿನ ಪ್ಲೈ, ಥರ್ಮಾಕೋಲ್ ದಾಟಿ ತಳದ ಪ್ಲೈ ಮುಟ್ಟುವ ಮೊದಲೇ ನಿಲ್ಲಬೇಕು. ಬಿಟ್‌ಗೆ ಟೇಪ್ ಸುತ್ತಿ ಆಳ ಗುರುತು ಮಾಡಿಕೊಳ್ಳಿ. ತೆಳು ಎಪಾಕ್ಸಿಯನ್ನು ಸಿರಿಂಜಿನಲ್ಲಿ ಒತ್ತುತ್ತಾ, ಪಕ್ಕದ ತೂತಿನಲ್ಲಿ ಕಂಡಾಗ ಮುಂದಿನದಕ್ಕೆ ಹೋಗಿ. ಒಮ್ಮೆಗೆ 100 ಗ್ರಾಂಗಿಂತ ಹೆಚ್ಚು ಕಲಸಬೇಡಿ, ಬೇಸಿಗೆ ಬಿಸಿಲಿಗೆ ಕಪ್‌ನಲ್ಲೇ ಕಾದು ಗಟ್ಟಿಯಾಗುತ್ತದೆ. ಮೇಲೆ ಪಾಲಿಥೀನ್, ಅದರ ಮೇಲೆ ಸಮತಟ್ಟು ಹಲಗೆ, ಇಟ್ಟಿಗೆ ಭಾರ, ಒಂದು ದಿನ. ಅಗ್ಗವೆಂದು ಫೈಬರ್ ಕೆಲಸದ ಪಾಲಿಯೆಸ್ಟರ್ ರೆಸಿನ್ ಹಾಕಿದಿರೋ, ಅದರಲ್ಲಿನ ಸ್ಟೈರೀನ್ ಎಂಬ ದ್ರವ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ. ಥಿನ್ನರ್ ವಾಸನೆಯ ರಬ್ಬರ್ ಗಮ್ ಕೂಡ ಅಷ್ಟೇ.

ಕೊಳೆತಿದ್ದರೆ ಕತ್ತರಿಸಲೇಬೇಕು. ಗರಗಸದ ಆಳವನ್ನು ಮೇಲಿನ ಪ್ಲೈ ದಪ್ಪಕ್ಕಷ್ಟೇ ಇಟ್ಟು, ಗಟ್ಟಿ ಮರ ಸಿಗುವವರೆಗೆ ತೆಗೆಯಿರಿ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ತೆರೆದ ಜಾಗ ಒಣಗುವುದು ಕಷ್ಟ. ಫೆಬ್ರವರಿ, ಮಾರ್ಚ್ ಒಳ್ಳೆಯದು. ಐಎಸ್ 710 ಎಂಬ ಭಾರತೀಯ ಮಾನಕದ ಮುದ್ರೆಯಿರುವ, ನೀರು ತಡೆಯುವ ಮರೀನ್ ಪ್ಲೈ, ಹಳೆಯದರಷ್ಟೇ ದಪ್ಪದ್ದು ತನ್ನಿ. ನೀರು ಹೀರುವುದು ಅಂಚಿನಿಂದಲೇ ಆದ್ದರಿಂದ ಕೊಯ್ದ ಅಂಚಿಗೆ ಎರಡು ಕೋಟ್ ಎಪಾಕ್ಸಿ. ಜೋಡಣೆ ಫ್ರೇಮಿನ ಮೇಲೆ ಬರದಿದ್ದರೆ ಜೋಡಣೆಯ ಕೆಳಗಡೆ ಎರಡು ಇಂಚಿನ ಪಟ್ಟಿ ಕೊಡಿ.

ವಿನೈಲನ್ನು ಆಗಲೇ ಅಂಟಿಸಬೇಡಿ. ಅಂಚಿಗೆ ಬೀಡಿಂಗ್ (ತೆಳು ಪಟ್ಟಿ) ಹೊಡೆದು ಹಾಗೇ ಹಾಸಿರಿ. ಮೊದಲ ಜೋರು ಮಳೆಯಾದ ಮೇಲೆ ಎತ್ತಿ, ತಳ ಒಣಗಿದೆಯೇ ಎಂದು ಕೈಯಾಡಿಸಿ ನೋಡಬಹುದು.