ಹಿಮಾಲಯದ ಗೈಡ್ ಜೊತೆ ಕೂಲಿ ಮಾತಾಡುವುದು ಹೇಗೆ?

ಡಿಸೆಂಬರ್ ಬಂತೆಂದರೆ ಬೆಂಗಳೂರಿನಿಂದ ಉತ್ತರಾಖಂಡದ ಸಾಂಕ್ರಿಗೆ ಗುಂಪು ಗುಂಪಾಗಿ ಹೊರಡುತ್ತಾರೆ. ಅಲ್ಲಿಂದ ಕೇದಾರ್‌ಕಂಠ ಶಿಖರಕ್ಕೆ ಟ್ರೆಕ್, ಎತ್ತರ ಸುಮಾರು 12,500 ಅಡಿ. ಶೂ ಯಾವುದು, ಜಾಕೆಟ್ ಯಾವುದು ಅಂತ ತಿಂಗಳುಗಟ್ಟಲೆ ವಿಚಾರಿಸುವವರು ಗೈಡ್ ವಿಷಯವನ್ನು ಮಾತ್ರ ಹಿಂದಿನ ರಾತ್ರಿ ಒಂದು ಫೋನಿನಲ್ಲಿ, ‘ದಿನಕ್ಕೆ ಎಷ್ಟು, ಸ್ವಲ್ಪ ಕಡಿಮೆ ಮಾಡಿ’ ಅಂತ ಮುಗಿಸಿಬಿಡುತ್ತಾರೆ. ಜಗಳ ಶುರುವಾಗುವುದು ಅಲ್ಲಿಂದಲೇ.

ಮೊದಲು ಆಳು ಹುಡುಕುವುದು. ಆ ದಾರಿಯ ಊರಿನವರನ್ನೇ ಕೇಳಿ. ಸಾಂಕ್ರಿ, ಓಸ್ಲಾ ಕಡೆಯವರಿಗೆ ಗೈಡ್ ಕೆಲಸ ವರ್ಷದಲ್ಲಿ ಕೆಲವೇ ತಿಂಗಳು. ಉಳಿದಂತೆ ರಾಜ್ಮಾ, ಸೇಬು, ಕುರಿ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ (1965ರಲ್ಲಿ ಶುರುವಾದದ್ದು) ಬೇಸಿಕ್ ಕೋರ್ಸ್ ಮಾಡಿದವರು ಸಿಕ್ಕರೆ ಒಳ್ಳೆಯದು. ಅದು ಸುಮಾರು ನಾಲ್ಕು ವಾರದ ಕೋರ್ಸು, ಅದರಲ್ಲಿ ‘ಎ’ ಗ್ರೇಡ್ ಬಂದವರಿಗಷ್ಟೇ ಮುಂದಿನ ಅಡ್ವಾನ್ಸ್ ಕೋರ್ಸ್. ಆದರೆ ಸರ್ಟಿಫಿಕೇಟ್ ಒಂದನ್ನೇ ನಂಬಬೇಡಿ. ‘ಈ ಸೀಸನ್‌ನಲ್ಲಿ ಈ ದಾರಿಗೆ ಎಷ್ಟು ಸಲ ಹೋಗಿದ್ದೀರಿ, ಯಾರನ್ನಾದರೂ ಅರ್ಧದಿಂದ ವಾಪಸ್ ಕರೆತಂದಿದ್ದೀರಾ’ ಅಂತ ಕೇಳಿ. ಕರೆತಂದವರನ್ನೇ ಗೊತ್ತು ಮಾಡಿ.

ಅರಣ್ಯ ಇಲಾಖೆಯ ಪರ್ಮಿಟ್ ಸಾಂಕ್ರಿಗೆ ಹೋಗುವ ದಾರಿಯ ನೈಟ್‌ವಾರ್ ಚೆಕ್‌ಪೋಸ್ಟ್‌ನಲ್ಲಿ ಆಗುತ್ತದೆ. ಗುರುತಿನ ಚೀಟಿ ಜೊತೆಗಿರಲಿ, ಬೇರೆ ಏನೇನು ಬೇಕು ಅಂತ ಗೈಡ್‌ನ ಮೊದಲೇ ಕೇಳಿ.

ಈಗ ದುಡ್ಡಿನ ಮಾತು. ಎಲ್ಲರೂ ಎಡವುವುದು ಇಲ್ಲೇ. ‘ನಾಲ್ಕು ದಿನದ ಟ್ರೆಕ್, ನಾಲ್ಕು ದಿನದ ಕೂಲಿ’ ಅಂದುಕೊಳ್ಳುತ್ತೀರಿ. ಆದರೆ ಗೈಡ್ ತನ್ನ ಮನೆಯಿಂದ ಹೊರಟ ದಿನ, ಮನೆ ಸೇರುವ ದಿನ, ಹಿಮ ಬಿದ್ದು ಡೇರೆಯೊಳಗೇ ಕೂರಬೇಕಾದ ದಿನ, ಎಲ್ಲವೂ ಅವರ ಲೆಕ್ಕದಲ್ಲಿ ಕೆಲಸದ ದಿನವೇ. ನ್ಯಾಯವೂ ಹೌದು, ಆ ದಿನ ಅವರು ಬೇರೆ ಯಾರ ಜೊತೆಗೂ ಹೋಗುವಂತಿಲ್ಲ ಅಲ್ವಾ? ಹಾಗಾಗಿ ಒಟ್ಟು ದಿನ ಎಷ್ಟು, ಕಾಯುವ ದಿನಕ್ಕೆ ಎಷ್ಟು ಅಂತ ಮೊದಲೇ ಬಾಯಿಬಿಟ್ಟು ಕೇಳಿ.

ಇನ್ನೂ ಮುಖ್ಯವಾದ ಮಾತು: ತುದಿ ಮುಟ್ಟದೆ ವಾಪಸ್ ಬಂದರೂ ಪೂರ್ತಿ ಕೂಲಿ. ಇದನ್ನು ನೀವಾಗಿಯೇ, ಹೊರಡುವ ಮೊದಲು, ಎಲ್ಲರ ಎದುರು ಹೇಳಬೇಕು. ಒಮ್ಮೆ ಸಾಂಕ್ರಿಯಲ್ಲಿ ನಮ್ಮ ಪಕ್ಕದ ಗುಂಪಿನವರು, ಹಿಮ ಜಾಸ್ತಿ ಅಂತ ಗೈಡ್ ಮಧ್ಯದಿಂದ ಇಳಿಸಿಕೊಂಡು ಬಂದದ್ದಕ್ಕೆ ಎರಡು ದಿನದ ಕೂಲಿ ಹಿಡಿದುಕೊಂಡರು. ಆತ ಒಂದು ಮಾತೂ ಆಡದೆ ಉಳಿದದ್ದನ್ನು ಎಣಿಸಿಕೊಂಡು ಹೋದ. ನನಗೆ ಅವತ್ತು ಊಟ ಸೇರಲಿಲ್ಲ. ಮುಂದಿನ ಗುಂಪಿನ ಜೊತೆ ಅದೇ ಹಿಮ ಎದುರಾದಾಗ ಮನೆಯ ಖರ್ಚು ನೆನಪಾಗಿ ಅವನು ‘ಇನ್ನೊಂದು ಗಂಟೆ ನೋಡೋಣ’ ಅಂದರೆ? 2024ರ ಜೂನ್‌ನಲ್ಲಿ ಉತ್ತರಾಖಂಡದ್ದೇ ಆದ ಸಹಸ್ರತಾಲ್ ಟ್ರೆಕ್ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ ನಮ್ಮ ರಾಜ್ಯದ 9 ಮಂದಿ ತೀರಿಕೊಂಡರು. ಅಲ್ಲಿ ಏನು ತಪ್ಪಾಯಿತು ಅಂತ ಹೇಳಲು ನಾನು ಹೊರಟಿಲ್ಲ. ಬೆಟ್ಟದ ಹವೆ ಎಷ್ಟು ಬೇಗ ತಿರುಗುತ್ತದೆ ಅನ್ನುವುದಕ್ಕೆ ಇದನ್ನು ಹೇಳಿದೆ. ‘ವಾಪಸ್ ಹೋಗೋಣ’ ಅನ್ನುವ ಮಾತಿಗೆ ಗೈಡ್ ಕೈಯಿಂದ ಒಂದು ರೂಪಾಯಿಯೂ ಹೋಗಬಾರದು.

ಆಮೇಲೆ ಪೋರ್ಟರ್, ಅಂದರೆ ಸಾಮಾನು ಹೊರುವವರು. ಒಬ್ಬರ ಬೆನ್ನಿಗೆ 20 ಕೆಜಿಗಿಂತ ಜಾಸ್ತಿ ಬೇಡ. ಸೂಟ್‌ಕೇಸ್ ತೂಗುವ ಚಿಕ್ಕ ತಕ್ಕಡಿ ಇಟ್ಟುಕೊಳ್ಳಿ, ಕಣ್ಣಂದಾಜು ಯಾವಾಗಲೂ ಕಡಿಮೆಯೇ ಬರುತ್ತದೆ. ಅವರ ಕಾಲು ನೋಡಿ, ಹಿಮಕ್ಕೆ ಆಗುವ ಶೂ ಇದೆಯಾ? ರಾತ್ರಿ ಮಲಗಲು ಸ್ಲೀಪಿಂಗ್ ಬ್ಯಾಗ್ ಇದೆಯಾ? ಅಪಘಾತ ವಿಮೆ ಇದೆಯಾ? ಏಜೆನ್ಸಿ ಮೂಲಕ ಹೋಗುವವರು ಇದನ್ನು ಏಜೆನ್ಸಿಯನ್ನೇ ಕೇಳಿ. ಉತ್ತರ ಕೊಡಲು ತಡವರಿಸಿದರೆ ಬೇರೆಯವರನ್ನು ನೋಡಿ. ಐದಾರು ಜನಕ್ಕಿಂತ ಜಾಸ್ತಿ ಇದ್ದರೆ ಗೈಡ್ ಇಬ್ಬರು ಬೇಕೇ ಬೇಕು. ಎತ್ತರ ಒಗ್ಗದೆ ಒಬ್ಬರಿಗೆ ತಲೆನೋವು, ವಾಂತಿ ಶುರುವಾದರೆ ಅವರನ್ನು ಇಳಿಸಲು ಒಬ್ಬ ಗೈಡ್ ಹೋಗಲೇಬೇಕು.

ಒಪ್ಪಿದ್ದನ್ನೆಲ್ಲ ಹಾಳೆಯ ಮೇಲೆ ಬರೆದು ಇಬ್ಬರೂ ಫೋಟೊ ತೆಗೆದುಕೊಳ್ಳಿ. ಅರ್ಧ ಮುಂಗಡ ಕೊಡಿ.

ಮೇಲೆ ಹೋದ ಮೇಲೆ ನಿಮ್ಮ ಕೆಲಸ ಸುಲಭ, ಅವರ ಮಾತು ಕೇಳುವುದು. 3,000 ಮೀಟರ್ ದಾಟಿದ ನಂತರ ಮಲಗುವ ಜಾಗ ಹಿಂದಿನ ರಾತ್ರಿಯದಕ್ಕಿಂತ 500 ಮೀಟರ್‌ಗೂ ಹೆಚ್ಚು ಮೇಲೆ ಇರಬಾರದು. ‘ಒಂದು ಕ್ಯಾಂಪ್ ಬಿಟ್ಟು ಮುಂದೆ ಹೋಗಿ ಒಂದು ದಿನ ಉಳಿಸೋಣ’ ಅಂತ ಗೈಡ್ ತಲೆ ತಿನ್ನಬೇಡಿ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಆಕ್ಸಿಮೀಟರ್ (ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಸಾಧನ) ತೋರಿಸಿ ವಾದ ಮಾಡುವವರನ್ನೂ ನೋಡಿದ್ದೇನೆ. ಬೆರಳು ತಣ್ಣಗಿದ್ದರೆ ಅದು ತಪ್ಪು ತೋರಿಸುತ್ತದೆ. ನೀವು ನಡೆಯುವ ರೀತಿ ನೋಡಿಯೇ ಒಳ್ಳೆಯ ಗೈಡ್ ಸುಸ್ತನ್ನು ಗುರುತಿಸುತ್ತಾರೆ.

ಕೊನೆಗೆ ಟಿಪ್ಸ್. ನಾನು ಕೂಲಿಯ ಹತ್ತನೇ ಒಂದು ಪಾಲು ಕೊಡುತ್ತೇನೆ, ತುದಿ ಮುಟ್ಟಿದರೂ ಮುಟ್ಟದಿದ್ದರೂ ಅಷ್ಟೇ. ಎಲ್ಲವನ್ನೂ ಒಬ್ಬರ ಕೈಗೆ ಕೊಟ್ಟು ‘ಹಂಚಿಕೊಳ್ಳಿ’ ಅನ್ನಬೇಡಿ. ಅಡುಗೆಯವರಿಗೆ, ಹೇಸರಗತ್ತೆಯವರಿಗೆ ಅವರವರ ಕೈಗೇ ಕೊಡಿ. ಸವೆದ ಶೂ, ಹರಿದ ಜಾಕೆಟ್ ಸುಮ್ನೆ ಅವರ ತಲೆಗೆ ಕಟ್ಟಬೇಡಿ. ಕೊಡುವುದಾದರೆ ಹೊಸ ಉಣ್ಣೆ ಸಾಕ್ಸ್, ಹೆಡ್‌ಲ್ಯಾಂಪ್ ಕೊಡಿ. ಮೇಲೆ ನೆಟ್‌ವರ್ಕ್ ನಂಬಿ ಯುಪಿಐ ಮಾಡುತ್ತೇನೆ ಅನ್ನುವಂತಿಲ್ಲ, ಹೋಗುವಾಗಲೇ ಸಾಂಕ್ರಿ ದಾರಿಯ ಪುರೋಲಾ ಪಟ್ಟಣದಲ್ಲಿ ನಗದು ತೆಗೆದುಕೊಳ್ಳಿ. ಚಿಲ್ಲರೆ ನೋಟುಗಳನ್ನೂ ಕೇಳಿ ಪಡೆಯಿರಿ.